ನೂರಾ ಹದಿನೆಂಟನೆಯ ಓಟಗಾರ್ತಿ

ಹಳಿಯಾಳದ ಒಂದು ಪದವಿ ಕಾಲೇಜಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ, ಕೋವಿಡ್ ಮುಗಿದ ಎರಡನೆಯ ಚಳಿಗಾಲದಲ್ಲಿ, ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್ ನಮ್ಮ ಕಡೆಗೆ ಬಂತು. ನನ್ನನ್ನು ಕೋರ್ಸ್ ರೆಫ್ರಿ ಎಂದು ನೇಮಿಸಿದರು. ಓಟದ ದಾರಿ ಅಳೆಯುವುದು, ಗುರುತು ಹಾಕುವುದು, ದಾರಿಯುದ್ದಕ್ಕೂ ಜನ ನಿಲ್ಲಿಸುವುದು, ಕೊನೆಗೆ ಓಡಲು ಹೋದವರೆಲ್ಲ ತಿರುಗಿ ಬಂದರು ಎಂದು ಸಹಿ ಮಾಡುವುದು, ಇಷ್ಟು ನನ್ನ ಕೆಲಸ. ಅಂಥ ಸಹಿಯನ್ನು ಅದಕ್ಕೂ ಮೊದಲು ಎಷ್ಟೋ ಕೂಟಗಳಲ್ಲಿ ಎರಡನೆಯ ಯೋಚನೆ ಇಲ್ಲದೆ ಹಾಕಿದ್ದೆ. ಒಂದೇ ಒಂದು ಸಲ ಕೈ ಬರಲಿಲ್ಲ.

ಕ್ರಾಸ್ ಕಂಟ್ರಿ ಎಂದರೆ ಟ್ರ್ಯಾಕಿನ ಮೇಲಿನ ಓಟವಲ್ಲ. ಹುಲ್ಲು, ಕೆಸರು, ಏರು, ಇಳಿಜಾರು, ಕಾಡಿನ ಅಂಚು, ನೆಲ ಹೇಗಿದೆಯೋ ಹಾಗೆ ಓಡಬೇಕು. ದಾಂಡೇಲಿಯಿಂದ ಕುಳಗಿ ದಾಟಿ ಜೋಯಿಡಾ ಕಡೆ ಹೋಗುವಾಗ ಒಂದು ದೊಡ್ಡ ಬಯಲು ಸಿಗುತ್ತದೆ. ಅಲ್ಲಿಂದ ಹೊರಟು, ಕಾಡಿನ ಹಳೆಯ ಬಂಡಿದಾರಿ ಹಿಡಿದು, ಸುತ್ತಿ ಬಯಲಿಗೇ ಬರುವಂತೆ ಐದು ಕಿಲೋಮೀಟರಿನ ಒಂದು ಸುತ್ತು ಅಳೆದಿದ್ದೆ. ಮಹಿಳೆಯರ ಓಟ ಹತ್ತು ಕಿಲೋಮೀಟರ್, ಅಂದರೆ ಎರಡು ಸುತ್ತು.

ಸುತ್ತಿನ ಮೂರನೆಯ ಕಿಲೋಮೀಟರಿನಲ್ಲಿ ಒಂದು ಕವಲು ಇತ್ತು. ಓಟದ ದಾರಿ ಅಲ್ಲಿ ಎಡಕ್ಕೆ ಹೊರಳುತ್ತಿತ್ತು. ನೇರವಾಗಿ ಹೋಗುತ್ತಿದ್ದದ್ದು ಒಂದು ಹಳೆಯ ಡಾಂಬರು ರಸ್ತೆ. ಅಣೆಕಟ್ಟು ಕಟ್ಟುವ ಮೊದಲು ಜನ ಅದರಲ್ಲಿ ಓಡಾಡುತ್ತಿದ್ದರು. ಆ ರಸ್ತೆ ಮುಟ್ಟುತ್ತಿದ್ದ ಊರು ನೀರಿನಡಿ ಹೋಗಿ ಒಂದು ತಲೆಮಾರೇ ಕಳೆದಿದೆ. ಈಗ ಅದು ಒಂದೂವರೆ ಕಿಲೋಮೀಟರ್ ಹೋಗಿ ಹಿನ್ನೀರಿನೊಳಗೆ ಇಳಿಯುತ್ತದೆ. ಹಿಂದಿನ ದಿನ ಮಧ್ಯಾಹ್ನ ನಾನೇ ನಿಂತು ಅದರ ಬಾಯಿಗೆ ಕೆಂಪು-ಬಿಳಿ ಟೇಪು ಕಟ್ಟಿಸಿದೆ, ಎಡಕ್ಕೆ ಸುಣ್ಣದ ಪುಡಿಯಲ್ಲಿ ದೊಡ್ಡ ಬಾಣ ಬರೆಸಿದೆ. ಕವಲಿಗೆ ಒಬ್ಬರನ್ನು, ತಿರುವಿನಾಚೆ ಒಬ್ಬರನ್ನು ನಿಲ್ಲಿಸಬೇಕಿತ್ತು. ಜನ ಸಾಲದೆ ತಿರುವಿನಾಚೆಗೆ ಒಬ್ಬರನ್ನೇ ಇಟ್ಟೆ. ಟೇಪು ಇದೆ, ಬಾಣ ಇದೆ, ಕುರುಡರೂ ತಪ್ಪಲಾರರು ಎಂದುಕೊಂಡೆ. ಆ ತಪ್ಪು ನನ್ನದೇ.

ಅಲ್ಲಿ ನಿಂತವರು ಹೂಗಾರ ಅವರು. ಧಾರವಾಡ ಕಡೆಯವರು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗೇಟಿನಲ್ಲಿ ಬಿದಿರಿನ ಲಾರಿ ಎಣಿಸಿ ನಿವೃತ್ತರಾದವರು. ಕ್ರೀಡೆ ಎಂದರೆ ಜೀವ ಬಿಡುತ್ತಿದ್ದರು. ಅವರ ಕೈಗೆ ಒಂದು ಒತ್ತುಗುಂಡಿಯ ಕೌಂಟರ್ ಕೊಟ್ಟು, ಎರಡೂ ಸುತ್ತಿನಲ್ಲಿ ಹಾದುಹೋದವರನ್ನು ಎಣಿಸಲು ಹೇಳಿದ್ದೆ. ಹೊರಡುವಾಗ ತಮಾಷೆಗೆ, "ಲೆಕ್ಕ ತಪ್ಪಬಾರದು ನೋಡ್ರಿ," ಎಂದೆ. ಅವರು ನಗಲಿಲ್ಲ. "ಲಾರಿ ತಪ್ಪಿಲ್ಲ ಅಕ್ಕಾರ, ಮನಿಷ್ಯಾರು ತಪ್ಪತಾರೇನು?" ಎಂದರು.

ಓಟದ ದಿನ ಬೆಳಿಗ್ಗೆ ಏಳು ಗಂಟೆಗೆ ಬಯಲಿನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹದಿನೈದು ಹೆಜ್ಜೆ ಆಚೆಗಿನ ಮನುಷ್ಯ ಬರೀ ನೆರಳು. ಚಳಿಗಾಲದಲ್ಲಿ ಇಲ್ಲಿ ಮಂಜು ಹೊಸದಲ್ಲ. ನನ್ನ ಮನಸ್ಸಿಗೆ ಸರಿಬರದೇ ಇದ್ದದ್ದು ಕಾಡಿನ ಮೌನ. ಆ ಹೊತ್ತಿಗೆ ಮಂಗಟ್ಟೆ ಹಕ್ಕಿಗಳು ಕೂಗಿ ಕಾಡನ್ನೆಲ್ಲ ಎಬ್ಬಿಸುತ್ತವೆ. ಅವತ್ತು ಒಂದೂ ಕೂಗಲಿಲ್ಲ. ಅರಣ್ಯ ಇಲಾಖೆಯಿಂದ ನಮ್ಮ ಜೊತೆಗೆ ಕೊಟ್ಟಿದ್ದ ವಾಚರ್ ಬಾಬು, ಕುಂಬಾರವಾಡದ ಕಡೆಯವನು, ಮನೆಮಾತು ಕೊಂಕಣಿ. ಜೀಪಿಗೆ ಒರಗಿ ನಿಂತವನು ಕಾಡಿನ ಕಡೆ ಕಿವಿ ಕೊಟ್ಟಿದ್ದ. "ಏನ್ ಬಾಬು?" ಎಂದೆ. "ಏನಿಲ್ಲ ಬಾಯಿ," ಎಂದ; ಹೆಂಗಸರನ್ನು ಅವನು ಕರೆಯುವುದೇ ಹಾಗೆ. ಮಂಜನ್ನೊಮ್ಮೆ ನೋಡಿ, "ಒಂದ್ ತಾಸು ತಡ ಮಾಡಿದ್ರ ಚಲೋ ಇತ್ತು," ಎಂದ.

ನನಗೂ ಹಾಗೇ ಅನಿಸಿತ್ತು. ಸಂಘಟನಾ ಕಾರ್ಯದರ್ಶಿಗಳಿಗೆ ಹೇಳಿಯೂ ನೋಡಿದೆ. ಅವರು ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು, ಕೆಟ್ಟವರಲ್ಲ, ಆದರೆ ಅವರ ಕಣ್ಣು ಗಡಿಯಾರದ ಮೇಲಿತ್ತು. ಒಂಬತ್ತಕ್ಕೆ ಇದೇ ದಾರಿಯಲ್ಲಿ ಪುರುಷರ ಓಟ, ಹತ್ತೂವರೆಗೆ ಅತಿಥಿಗಳು. ಏಳೂಕಾಲಿಗೆ ನೂರಾ ಹದಿನೇಳು ಹುಡುಗಿಯರನ್ನು ಬಿಟ್ಟರು. ಒಂದು ನಿಮಿಷದೊಳಗೆ ಮಂಜು ಅವರನ್ನೆಲ್ಲ ನುಂಗಿತು. ಬಣ್ಣದ ಅಂಗಿಗಳು ಮೊದಲು ಮಾಯವಾದವು, ಆಮೇಲೆ ಕಾಲ ಸಪ್ಪಳ.

ಓಟಗಾರರ ಲೆಕ್ಕ ಇಡುವ ಕ್ರಮ ಹೀಗಿತ್ತು. ಪ್ರತಿಯೊಬ್ಬಳ ಎದೆಯ ಮೇಲೆ ಬಿಬ್, ಅಂದರೆ ನಂಬರಿನ ಪಟ್ಟಿ, ನಾಲ್ಕು ಪಿನ್ನಿನಲ್ಲಿ ಸಿಕ್ಕಿಸಿರುತ್ತದೆ. ಅದರ ಹಿಂದೆ ಉಗುರಿನಗಲದ ಚಿಪ್. ಬಯಲಿನಲ್ಲಿ ನೆಲಕ್ಕೆ ಹಾಸಿದ ರಬ್ಬರಿನ ಚಾಪೆ ದಾಟಿದ ಕೂಡಲೇ ಆ ಚಿಪ್ಪಿನ ನಂಬರು, ಸಮಯ ಕಂಪ್ಯೂಟರಿನಲ್ಲಿ ಮೂಡುತ್ತದೆ. ಎಲ್ಲರಿಗಿಂತ ಹಿಂದೆ ಒಬ್ಬ ಸೈಕಲ್ ಸವಾರ ಇರುತ್ತಾನೆ. ಕಟ್ಟಕಡೆಯ ಓಟಗಾರ್ತಿಯ ಹಿಂದೆಯೇ ಬರುವುದು ಅವನ ಕೆಲಸ. ಅವನು ಹೋದನೆಂದರೆ ದಾರಿ ಖಾಲಿ.

ಮೊದಲ ಸುತ್ತಿನಲ್ಲಿ ಚಾಪೆ ದಾಟಿದವರು ನೂರಾ ಹದಿನೇಳು. ಅದೇ ಹೊತ್ತಿಗೆ ನನ್ನ ವಾಕಿ ಟಾಕಿಯಲ್ಲಿ ಹೂಗಾರರ ದನಿ ಬಂತು. "ಅಕ್ಕಾರ, ನೂರಾ ಹದಿನೆಂಟು."

"ಹದಿನೇಳಲ್ರಿ?"

"ಹದಿನೆಂಟು."

ಮಂಜಿನಲ್ಲಿ ಒಂದು ಹೆಚ್ಚಿಗೆ ಒತ್ತಿರಬೇಕು ಎಂದು ಬಿಟ್ಟುಬಿಟ್ಟೆ. ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಕೊನೆಯವಳು ಮುಗಿಸಿದಳು, ಹಿಂದೆಯೇ ಸೈಕಲ್ಲೂ ಬಂತು. ಕಂಪ್ಯೂಟರಿನ ಹುಡುಗರು ಫಲಿತಾಂಶದ ಕಾಗದ ತಂದರು. ನೂರಾ ಹದಿನೇಳು ಮಂದಿ ಹೊರಟಿದ್ದಾರೆ, ನೂರಾ ಹದಿನೇಳು ಮಂದಿ ಮುಗಿಸಿದ್ದಾರೆ, ಅರ್ಧಕ್ಕೆ ಬಿಟ್ಟವರು ಸೊನ್ನೆ. ಕೆಳಗೆ ನನ್ನ ಸಹಿಗೆ ಜಾಗ.

ಆ ಸೊನ್ನೆಯನ್ನು ನೋಡಿಯೇ ನನ್ನ ಕೈ ನಿಂತಿತು. ಹತ್ತು ಕಿಲೋಮೀಟರ್ ಕಾಡಿನ ಓಟದಲ್ಲಿ ಯಾರಾದರೂ ಬಿಡಲೇಬೇಕು. ಒಬ್ಬಳಿಗೆ ಕಾಲು ಉಳುಕುತ್ತದೆ, ಇನ್ನೊಬ್ಬಳು ವಾಂತಿ ಮಾಡಿಕೊಂಡು ಕೂರುತ್ತಾಳೆ. ಎಲ್ಲರೂ ಮುಗಿಸಿದ ಓಟವನ್ನು ನಾನು ನನ್ನ ನೌಕರಿಯಲ್ಲಿ ನೋಡಿರಲಿಲ್ಲ. ಹೂಗಾರರನ್ನು ಕರೆದೆ.

"ಎರಡನೇ ಸುತ್ತು ಎಷ್ಟಾತ್ರಿ?"

"ನೂರಾ ಹದಿನಾರು."

ಪಕ್ಕದಲ್ಲಿದ್ದ ಕಾರ್ಯದರ್ಶಿಗಳು ಕೇಳಿಸಿಕೊಂಡು ಹಗುರಾದರು. "ಒಂದು ಸುತ್ತಿನಲ್ಲಿ ಒಂದು ಹೆಚ್ಚು, ಇನ್ನೊಂದರಲ್ಲಿ ಒಂದು ಕಡಿಮೆ. ಕೂಡಿಸಿದರೆ ಸರಿಹೋಯಿತಲ್ಲ ಮೇಡಂ. ಯಂತ್ರವೂ ಹೇಳಿದೆ. ಸಹಿ ಮಾಡಿ, ಹುಡುಗರು ವಾರ್ಮ್ ಅಪ್ ಮಾಡಿ ಕಾಯುತ್ತಿದ್ದಾರೆ." ಲೆಕ್ಕವೇನೋ ಕೂಡಿ ಬರುತ್ತಿತ್ತು. ಆದರೆ ಹೂಗಾರರು ಮತ್ತೆ ಮಾತಾಡಿದರು. ಅವರ ದನಿ ಸಣ್ಣಗಾಗಿತ್ತು.

"ಅಕ್ಕಾರ, ಒಂದ್ ಮಾತು ಹೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ಮೊದಲ್ನೇ ಸುತ್ತಿನ್ಯಾಗ ಸೈಕಲ್ ಹೋದ ಮ್ಯಾಲ ಒಬ್ಬಾಕಿ ಹೋದ್ಲು. ಬಿಳಿ ಅಂಗಿ. ನಂಬರ್ ಕಾಣಲಿಲ್ಲ. ನಾ ಕರದೆ, ನಿಲ್ಲಲಿಲ್ಲ. ನನ್ನ ಕಣ್ಣ ಮುಂದ ಹೋದಾಕಿನ್ನ ಹೆಂಗ ಬಿಡ್ಲಿ? ಒತ್ತಿದೆ."

ಸೈಕಲ್ ಸವಾರನನ್ನು ಕೇಳಿದೆ. ತನ್ನ ಹಿಂದೆ ಯಾರೂ ಇರಲಿಲ್ಲ ಎಂದು ಅವನು ಆಣೆ ಮಾಡಿದ. ಆದರೆ ನನಗೆ ಆಗ ಹೆಚ್ಚಿನವಳ ಚಿಂತೆಗಿಂತ ಕಡಿಮೆಯಾದವಳ ಚಿಂತೆ ಹತ್ತಿತ್ತು. ಹೂಗಾರರು ಇಲ್ಲದವರನ್ನು ಎಣಿಸಿದ್ದರೂ ಎಣಿಸಿರಬಹುದು, ಇದ್ದವಳನ್ನು ಬಿಡುವವರಲ್ಲ.

ಕಾರ್ಯದರ್ಶಿಗಳಿಗೆ, "ಎಲ್ಲಾ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಣಿಸುವ ತನಕ ದಾರಿ ಬಿಟ್ಟುಕೊಡುವುದಿಲ್ಲ," ಎಂದೆ. ಅವರ ಮುಖ ಬಿಗಿಯಿತು. ನಿಯಮದ ಪ್ರಕಾರ ದಾರಿ ನನ್ನ ಕೈಯಲ್ಲಿತ್ತು, ಅವರೇನೂ ಮಾಡುವಂತಿರಲಿಲ್ಲ. ಮೈಕಿನಲ್ಲಿ ಕೂಗಿಸಿದೆ. ತಂಡಗಳು ತಮ್ಮ ತಮ್ಮ ಮ್ಯಾನೇಜರುಗಳ ಮುಂದೆ ನಿಂತವು. ಎಲ್ಲ ತಂಡಗಳೂ ಪೂರ್ಣ ಇದ್ದವು. ಉಳಿದವರು ತಂಡವಿಲ್ಲದೆ ಒಂಟಿಯಾಗಿ ಅರ್ಹತೆ ಪಡೆದು ಬಂದಿದ್ದ ಒಂಬತ್ತು ಮಂದಿ. ಅವರಲ್ಲಿ ಎಂಟು ಜನ ಕೈ ಎತ್ತಿದರು. ಎಂಬತ್ತೆಂಟನೆಯ ನಂಬರು ಕರೆದಾಗ ಬಯಲಿನಲ್ಲಿ ಯಾರೂ ಓಗೊಡಲಿಲ್ಲ.

ಹೆಸರು ಶಿವಲೀಲಾ. ಮುಂಡಗೋಡ ತಾಲೂಕಿನ ಒಂದು ಹಳ್ಳಿ, ಬಿ.ಎ. ಎರಡನೆಯ ವರ್ಷ. ಅವಳ ಕಾಲೇಜಿನಲ್ಲಿ ಓಟ ಕಲಿಸುವವರೇ ಇರಲಿಲ್ಲ. ಹಿಂದಿನ ದಿನ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಬಯಲಿನಲ್ಲಿ ಅವಳಿಗಾಗಿ ಕಾಯುವವರು ಒಬ್ಬರೂ ಇರಲಿಲ್ಲ, ಹಾಗಾಗಿ ಅವಳು ಬಾರದಿದ್ದದ್ದು ಯಾರಿಗೂ ತಿಳಿಯಲಿಲ್ಲ. ಕಂಪ್ಯೂಟರಿನ ಪ್ರಕಾರ ಮಾತ್ರ ಅವಳು ತೊಂಬತ್ತೇಳನೆಯವಳಾಗಿ ಓಟ ಮುಗಿಸಿದ್ದಳು.

ಮುಗಿತಾಯದ ಗೆರೆಯ ಕ್ಯಾಮೆರಾದಲ್ಲಿ ಆ ಕ್ಷಣ ತೆಗೆಸಿ ನೋಡಿದೆ. ಗೆರೆ ದಾಟುತ್ತಿದ್ದವಳು ಒಬ್ಬಳೇ, ಹಿಮಾಚಲದ ಒಬ್ಬ ಹುಡುಗಿ. ಅವಳ ಎದೆಯ ಮೇಲೆ ಅವಳ ನಂಬರು, ಕೈಯಲ್ಲಿ ಮುದುಡಿದ ಇನ್ನೊಂದು ಬಿಬ್. ಕರೆಸಿ ಕೇಳಿದಾಗ ಪಾಪ ಗಾಬರಿಯಾದಳು. ಎರಡನೆಯ ಸುತ್ತಿನಲ್ಲಿ, ಸುಣ್ಣದ ಬಾಣ ಇದ್ದ ಜಾಗದಲ್ಲಿ, ಲಂಟಾನಾ ಮುಳ್ಳಿಗೆ ಸಿಕ್ಕಿಕೊಂಡಿದ್ದ ಬಿಬ್ ಕಂಡಿತಂತೆ. ಯಾರದೋ ಬಿದ್ದಿದೆ, ಪಾಪ, ಕೊಡೋಣ ಎಂದು ತಂದು ಸ್ವಯಂಸೇವಕರ ಬುಟ್ಟಿಗೆ ಹಾಕಿದ್ದಳು. ಬುಟ್ಟಿಯಲ್ಲಿ ಹುಡುಕಿದೆವು. ಎಂಬತ್ತೆಂಟು ಸಿಕ್ಕಿತು. ಒಂದು ಮೂಲೆ ಹರಿದಿತ್ತು.

ಕವಲಿನ ಹೆಸರು ಕೇಳಿದ ಕೂಡಲೇ ಬಾಬು ಜೀಪ್ ಚಾಲೂ ಮಾಡಿದ. ನಾನು ಹತ್ತಿದೆ. ದಾರಿಯಲ್ಲಿ ಹೂಗಾರರನ್ನೂ ಹತ್ತಿಸಿಕೊಂಡೆವು. ಕವಲಿನಲ್ಲಿ ಟೇಪು ಹಾಗೇ ಬಿಗಿಯಾಗಿತ್ತು. ಅದರ ಪಕ್ಕ ಲಂಟಾನಾ ಪೊದೆಯಲ್ಲಿ ಒಬ್ಬರು ನುಸುಳುವಷ್ಟು ಜಾಗ, ಮುರಿದ ಕಡ್ಡಿಗಳು. ಬಾಬು ಟೇಪು ಬಿಚ್ಚಿದ. ಬಯಲಿನಲ್ಲಿ ಆಗಲೇ ಬಿಸಿಲು ಬಿದ್ದಿತ್ತು, ಮಂಜು ಹರಿದಿತ್ತು. ಆ ಹಳೆಯ ರಸ್ತೆಗೆ ಇಳಿದ ಮೇಲೆ ಮತ್ತೆ ಮಂಜು. ಡಾಂಬರಿನ ಬಿರುಕಿನಲ್ಲಿ ಹುಲ್ಲು ಬೆಳೆದು ಟೈರಿನ ಸಪ್ಪಳವೂ ಕೇಳುತ್ತಿರಲಿಲ್ಲ. ಒಂದು ಕಡೆ ಮೈಲುಗಲ್ಲು ಇತ್ತು. ಊರಿನ ಹೆಸರು ಅಳಿಸಿಹೋಗಿ ಎರಡು ಎಂಬ ಅಂಕಿ ಮಾತ್ರ ಉಳಿದಿತ್ತು.

ರಸ್ತೆ ನೀರಿಗಿಳಿಯುವ ಜಾಗದಲ್ಲಿ ಬಾಬು ಜೀಪ್ ನಿಲ್ಲಿಸಿದ. ಒಂಬತ್ತಕ್ಕೆ ಐದು ನಿಮಿಷ ಇತ್ತು. ಹಿನ್ನೀರು ಒಂದು ಚೂರೂ ಅಲುಗದೆ ಮಲಗಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಆ ನೀರಿನಲ್ಲಿ, ದಡದಿಂದ ಹತ್ತು ಹೆಜ್ಜೆ ಒಳಗೆ, ಮೊಣಕಾಲ ಮಟ್ಟ ನಿಂತು ಒಬ್ಬ ಹುಡುಗಿ ನಮಗೆ ಬೆನ್ನು ಕೊಟ್ಟು ನೀರನ್ನೇ ನೋಡುತ್ತಿದ್ದಳು. ಎರಡೂ ಕೈ ಸೊಂಟದ ಮೇಲೆ. ಓಡಿ ದಣಿದವರು ನಿಲ್ಲುವ ಹಾಗೆ.

ನಾನು ಕೂಗಲು ಬಾಯಿ ತೆರೆದೆ. ಬಾಬು ತೋಳು ಹಿಡಿದು ತಡೆದ. "ಜೋರಾಗಿ ಕರೀಬ್ಯಾಡ್ರಿ ಬಾಯಿ. ಮುಂದಕ್ಕ ಹೆಜ್ಜಿ ಇಟ್ಟಾಳು." ನಾನು ಮೆಲ್ಲಗೆ, ಕ್ಲಾಸಿನಲ್ಲಿ ಹಾಜರಿ ಕರೆಯುವ ಹಾಗೆ, "ಶಿವಲೀಲಾ," ಎಂದೆ.

ಅವಳು ತಲೆ ತಿರುಗಿಸಿದಳು. ತುಟಿ ನೀಲಿಗಟ್ಟಿತ್ತು. ನನ್ನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಮೇಡಂ ರೀ, ಆಕಿ ಹೊರಗ ಬಂದ್ಲೇನ್ರಿ?"

"ಯಾರವ್ವ?"

"ನನ್ನ ಮುಂದ ಇದ್ದಾಕಿ. ನೀರಾಗ ಹೋದಾಕಿ ಇನ್ನೂ ಬಂದಿಲ್ರಿ. ನಾ ಈಜಾಕ ಬರಾಂಗಿಲ್ಲ. ಆಕಿನ್ನ ಬಿಟ್ಟು ಹೆಂಗ ಬರ್ಲಿ ಅಂತ ನಿಂತೇನಿ."

ಬಾಬು ಜೀಪಿನಲ್ಲಿದ್ದ ಬಿದಿರಿನ ಗಳ ಮುಂದೆ ಚಾಚುತ್ತ ನೀರಿಗಿಳಿದ. ಅವಳ ಪಕ್ಕ ನಿಂತು ಗಳವನ್ನು ಎರಡು ಹೆಜ್ಜೆ ಮುಂದಕ್ಕೆ ಊರಿದ. ಅದು ತಳ ಮುಟ್ಟದೆ ಅವನ ಕೈ ತನಕ ಒಳಗೆ ಹೋಯಿತು. ರಸ್ತೆ ಅಲ್ಲಿಗೆ ಕೊಚ್ಚಿಹೋಗಿತ್ತು. ಅವನು ಅವಳ ರಟ್ಟೆ ಹಿಡಿದು ತಿರುಗಿಸಿಕೊಂಡು ಬಂದ.

ನನ್ನ ಸ್ವೆಟರ್ ಹೊದಿಸಿ, ಕೈ ತಿಕ್ಕುತ್ತ, ಅವಳನ್ನು ಜೀಪಿನಲ್ಲಿ ಕೂರಿಸಿದೆ. ಎರಡನೆಯ ಸುತ್ತಿನಲ್ಲಿ ಮುಂದಿನವರು ಮಂಜಿನಲ್ಲಿ ಕಾಣದಾದಾಗ, ಒಬ್ಬಳು ಮಾತ್ರ ಇಪ್ಪತ್ತು ಹೆಜ್ಜೆ ಮುಂದೆ ಓಡುತ್ತಿದ್ದಳಂತೆ. ಬಿಳಿ ಅಂಗಿ, ಎರಡು ಜಡೆ. ಅವಳನ್ನು ಹಿಂದೆ ಹಾಕಬೇಕೆಂದು ಹಟಕ್ಕೆ ಬಿದ್ದು ಶಿವಲೀಲಾ ಅವಳ ಬೆನ್ನ ಮೇಲೇ ಕಣ್ಣಿಟ್ಟು ಓಡಿದಳು. ಬಾಣ, ಟೇಪು ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ.

"ಎಷ್ಟ್ ಜೋರ್ ಓಡಿದ್ರೂ ಅಷ್ಟ ದೂರ ಇರ್ತಿದ್ಲ್ರಿ. ಕಾಲಿನ ಸಪ್ಪಳ ಕೇಳಸ್ತಿತ್ತು. ಉಸುರು ಕೇಳಸ್ಲಿಲ್ಲ. ಒಂದ್ ಸಲನೂ ಹಿಂದ ನೋಡ್ಲಿಲ್ಲ. ನೀರು ಬಂದ್ರೂ ನಿಲ್ಲಲಿಲ್ಲ, ಹಂಗ ಇಳದು ಹೋದ್ಲು. ಸಪ್ಪಳಾನೂ ಆಗ್ಲಿಲ್ರಿ ನೀರಂದು."

"ಶಿವಲೀಲಾ, ಎಲ್ಲಾರೂ ಬಂದಾರ. ಎಣಿಸೀನಿ. ನೀ ಒಬ್ಬಾಕಿ ಉಳದಿದ್ದಿ."

ಅವಳು ನೀರಿನ ಕಡೆ ಬೆರಳು ಮಾಡಿದಳು. "ಹಂಗಾದ್ರ ಆಕಿ ಯಾರ್ರಿ?"

ಹೂಗಾರರು ಮುಖ ಆಚೆ ತಿರುಗಿಸಿಕೊಂಡರು. ನಾನು ಇಳಿದು ದಡದ ಕೆಸರು ನೋಡಿದೆ. ಶಿವಲೀಲಾಳ ಬೂಟಿನ ಮೊಳೆಗಳ ಗುರುತು ಸಾಲಾಗಿ, ಸ್ಪಷ್ಟವಾಗಿ, ನೀರಿನ ತನಕ ಇತ್ತು. ಪಕ್ಕದಲ್ಲಾಗಲಿ ಮುಂದಾಗಲಿ ಬೇರೆ ಹೆಜ್ಜೆ ಇರಲಿಲ್ಲ. ಅದನ್ನು ನೋಡಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಾಬು, "ಹೋಗೂಣು ಬಾಯಿ," ಎಂದ. "ಇಲ್ಲಿ ನಿಂತು ವಿಚಾರ ಮಾಡೂದು ಬ್ಯಾಡ." ಜೀಪ್ ತಿರುಗಿಸುವಾಗ ಕಾಡಿನೊಳಗೆ ಎಲ್ಲೋ ಮೊದಲ ಮಂಗಟ್ಟೆ ಕೂಗಿತು.

ಬಯಲಿಗೆ ಮರಳಿದ ಮೇಲೆ ಕೂಟದ ಡಾಕ್ಟರ್ ಅವಳನ್ನು ಪರೀಕ್ಷೆ ಮಾಡಿದರು. ಮೈ ತಣ್ಣಗಾಗಿತ್ತು, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಬೆಳಗಿನ ಜಾವ ಒಂದು ಹಿಡಿ ಅವಲಕ್ಕಿ ತಿಂದು ಓಡಿದ್ದಳು. ಸಕ್ಕರೆ ಇಳಿದಾಗ, ಮಂಜಿನಲ್ಲಿ, ತನ್ನದೇ ಹೆಜ್ಜೆಯ ಮಾರ್ದನಿ ಕೇಳಿ, ಮೆದುಳು ಮುಂದೆ ಒಬ್ಬರನ್ನು ಸೃಷ್ಟಿಸಿಕೊಳ್ಳುತ್ತದೆ, ದೂರದ ಓಟಗಾರರಲ್ಲಿ ಇದು ಆಗುತ್ತದೆ ಎಂದರು. ನಾನು ಒಪ್ಪಿಕೊಂಡೆ, ಇವತ್ತಿಗೂ ಒಪ್ಪುತ್ತೇನೆ. ಆದರೆ ಹೂಗಾರರು ಓಡಿರಲಿಲ್ಲ. ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಒಂದೇ ಜಾಗದಲ್ಲಿ ನಿಂತಿದ್ದರು. ಬಿಳಿ ಅಂಗಿಯ ಮಾತನ್ನು ಅವರು ನನಗೆ ಹೇಳಿದ್ದು ಶಿವಲೀಲಾ ಸಿಗುವುದಕ್ಕೂ ಮೊದಲು.

ಪುರುಷರ ಓಟವನ್ನು ಹನ್ನೊಂದಕ್ಕೆ, ಕವಲಿನಲ್ಲಿ ಮೂವರನ್ನು ನಿಲ್ಲಿಸಿ ನಡೆಸಿದೆವು. ಅತಿಥಿಗಳು ಕಾದರು. ಸಂಜೆ ವರದಿ ಬರೆಯುವಾಗ ಕಾರ್ಯದರ್ಶಿಗಳು ನನ್ನ ಬಳಿ ಬಂದು ಕೂತರು. ಬೆಳಗಿನ ಬಿಗುಮಾನ ಇರಲಿಲ್ಲ. "ನಿಮ್ಮ ಮಾತು ಕೇಳದೆ ಹುಡುಗರನ್ನು ಬಿಟ್ಟಿದ್ದರೆ, ಅವಳು ಇನ್ನೂ ಎಷ್ಟು ಹೊತ್ತು ಅಲ್ಲಿ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಹೂಗಾರರ ಹಾಳೆ ತೋರಿಸಿ, "ಮೊದಲ ಸುತ್ತು ನೂರಾ ಹದಿನೇಳು ಎಂದು ತಿದ್ದಿಬಿಡೋಣವೇ? ಓದಿದವರು ಏನಂದುಕೊಂಡಾರು," ಎಂದರು. ಹೂಗಾರರನ್ನು ಕೇಳಿದೆ. "ನೀವು ತಿದ್ರಿ ಅಕ್ಕಾರ, ನಾ ತಿದ್ದಾಂಗಿಲ್ಲ," ಎಂದರು. ನಾನೂ ತಿದ್ದಲಿಲ್ಲ. ಮೊದಲ ಸುತ್ತು ನೂರಾ ಹದಿನೆಂಟು, ಎರಡನೆಯದು ನೂರಾ ಹದಿನಾರು ಎಂದೇ ಬರೆದು, ಕವಲಿನಲ್ಲಿ ಕಾವಲು ಇಡದ ತಪ್ಪು ನನ್ನದು ಎಂದು ಸೇರಿಸಿ ಸಹಿ ಹಾಕಿದೆ. ಅವರ ಹದಿನೆಂಟನ್ನು ಹುಸಿ ಎಂದು ಅಳಿಸಿದ್ದರೆ, ಒಂದು ಜೀವ ಉಳಿಸಿದ ಹದಿನಾರನ್ನು ನಿಜವೆಂದು ಯಾವ ಬಾಯಿಂದ ಹೇಳುವುದು?

ಶಿವಲೀಲಾ ಓಟ ಬಿಡಲಿಲ್ಲ. ಮರುವರ್ಷ ಬೇರೆ ರಾಜ್ಯದಲ್ಲಿ ಓಡಿ ಇಪ್ಪತ್ತಮೂರನೆಯವಳಾಗಿ ಬಂದಳು. ಈಗ ಮುಂಡಗೋಡದಲ್ಲಿ ಹೈಸ್ಕೂಲು ಹುಡುಗಿಯರಿಗೆ ಓಟ ಹೇಳಿಕೊಡುತ್ತಾಳೆ. ಫೋನಿನಲ್ಲಿ ಆ ಬೆಳಗಿನ ಮಾತು ನಾವಿಬ್ಬರೂ ಎತ್ತುವುದಿಲ್ಲ.

ನಿವೃತ್ತಳಾದ ಮೇಲೂ ಸುತ್ತಲಿನ ಕಾಲೇಜುಗಳು ಕರೆದರೆ ಹೋಗುತ್ತೇನೆ. ಯಂತ್ರ ಬರಲಿ, ಕ್ಯಾಮೆರಾ ಬರಲಿ, ಮನುಷ್ಯರ ಲೆಕ್ಕವನ್ನು ಮುಖ ನೋಡಿಯೇ ಮುಗಿಸಬೇಕು, ಅದರಲ್ಲೂ ಕಾಯುವವರಿಲ್ಲದೆ ಒಂಟಿಯಾಗಿ ಬಂದವರ ಮುಖವನ್ನು ಮೊದಲು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಗೆದ್ದವರ ಸುತ್ತ ಜನ ಸೇರಿದಾಗ ನಾನು ಗೆರೆಯ ಹತ್ತಿರವೇ ಉಳಿಯುತ್ತೇನೆ. ಕಟ್ಟಕಡೆಗೆ ಬಂದ ಮಗುವಿಗೆ ನೀರು ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ, "ನಿನ್ನ ಹಿಂದ ಯಾರರೆ ಅದಾರೇನವ್ವ?" ಎಂದು ಕೇಳುತ್ತೇನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಆದರೂ ಒಮ್ಮೆ ದಾರಿಯುದ್ದಕ್ಕೂ ನಡೆದು ನೋಡಿ ಬರುತ್ತೇನೆ.